ತಪಾಸಣೆಯ ದಿನ ತಪ್ಪಿದ ಮೇಲೆ: ತಂಗಿಯ ಮಗಳಿಗೊಂದು ಕಾಗದ

ಹಾಸನ

ಚಿ. ಸೌ. ಸುಧಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಫೋನಿನಲ್ಲಿ ಹೇಳಿದ್ದೆಲ್ಲ ತಲೆಯಲ್ಲಿದೆ. ಮಳೆಗೆ ರಸ್ತೆ ಕಟ್ಟಿ ಸಕಲೇಶಪುರದ ತಪಾಸಣಾ ಶಿಬಿರಕ್ಕೆ ಮಗ ಪುಟ್ಟನನ್ನು ಕರ್ಕೊಂಡು ಹೋಗಲಾಗಲಿಲ್ಲ, ಅವನ ಹಳೇ ಅಂಗವಿಕಲತೆ ಪ್ರಮಾಣಪತ್ರದ ಅವಧಿ ಮುಗಿದಿದೆ, ಮುಂದಿನ ಶಿಬಿರ ಯಾವಾಗ ಅಂತ ಯಾರೂ ಹೇಳುತ್ತಿಲ್ಲ, ಮಾಸಾಶನ ನಿಂತುಹೋದರೆ ಏನು ಗತಿ ಅಂತ ಭಯ. ಬಾಯಲ್ಲಿ ಹೇಳಿದ್ದು ಅರ್ಧ ಮರೆಯುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ಇದನ್ನ ಅವನ ಫೈಲಿನಲ್ಲೇ ಇಟ್ಟುಕೋ.

ಶಿಬಿರ ತಪ್ಪಿತು ಅಂದರೆ ಅರ್ಜಿ ಬಿದ್ದುಹೋಯಿತು ಅಂತಲ್ಲ. ಶಿಬಿರ ಜನರ ಅನುಕೂಲಕ್ಕೆ ಮಾಡುವ ಏರ್ಪಾಡು, ಅಷ್ಟೇ. ಪ್ರಮಾಣಪತ್ರ ಕೊಡುವ ಅಧಿಕಾರ ಇರೋದು ವೈದ್ಯಕೀಯ ಪ್ರಾಧಿಕಾರಕ್ಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಕೆಳಗೆ 2017ರಲ್ಲಿ ಬಂದ ನಿಯಮಗಳ ಪ್ರಕಾರ, ನೀನಿರುವ ಜಿಲ್ಲೆಯ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಇಲ್ಲವೇ ಮಗು ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಗೂ ಹಾಕಬಹುದು. ಅರ್ಜಿ ಬಂದ ಒಂದು ತಿಂಗಳೊಳಗೆ ತೀರ್ಮಾನ ಆಗಬೇಕು ಅಂತ ಇದ್ದದ್ದನ್ನ 2024ರ ತಿದ್ದುಪಡಿಯಲ್ಲಿ ಮೂರು ತಿಂಗಳು ಮಾಡಿದ್ದಾರೆ. ಎರಡು ವರ್ಷ ಅಲ್ಲಾಡದೆ ಬಿದ್ದಿರುವ ಅರ್ಜಿ ನಿಷ್ಕ್ರಿಯ ಆಗುತ್ತದೆ ಅನ್ನೋದೂ ಅದರಲ್ಲೇ ಸೇರಿಕೊಂಡಿದೆ. ಹಾಗಾಗಿ "ಕರೆ ಬರುತ್ತೆ" ಅಂತ ಕೂತರೆ ಕೆಟ್ಟೆವು.

ಈ ವಾರವೇ ಸ್ವಾವಲಂಬನ್ ಪೋರ್ಟಲ್‌ನಲ್ಲಿ (ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಸರ್ಕಾರಿ ಜಾಲತಾಣ) ಅವನ ನೋಂದಣಿ ಸಂಖ್ಯೆ ಹಾಕಿ ಅರ್ಜಿ ಎಲ್ಲಿದೆ ನೋಡು. ಆಸ್ಪತ್ರೆಯ ಹಂತದಲ್ಲಿ ಬಾಕಿ ಅಂತ ತೋರಿಸಿದರೆ ಆ ಪುಟವನ್ನ ದಿನಾಂಕ ಕಾಣುವ ಹಾಗೆ ಪ್ರಿಂಟ್ ತೆಗೆಸು. ಯಾವ ಆಸ್ಪತ್ರೆ ಆಯ್ಕೆ ಆಗಿದೆ ಅನ್ನೋದನ್ನೂ ನೋಡು. ಸೈಬರ್ ಸೆಂಟರಿನವರು ಅವಸರಕ್ಕೆ ಯಾವುದೋ ಆಸ್ಪತ್ರೆ ಒತ್ತಿಬಿಟ್ಟರೆ ಅಥವಾ ತಮ್ಮ ಮೊಬೈಲ್ ನಂಬರೇ ಹಾಕಿಬಿಟ್ಟರೆ ಸಂದೇಶ ನಿನಗೆ ಬರುವುದೇ ಇಲ್ಲ. ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇರಬೇಕು, ಇನಿಷಿಯಲ್ ಸಮೇತ. ಐದು ವರ್ಷ ತುಂಬಿದ ಮೇಲೆ ಮಾಡಿಸಬೇಕಾದ ಬೆರಳಚ್ಚಿನ ಅಪ್‌ಡೇಟ್ ಆಗಿರದಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗು.

ಆಮೇಲೆ ಒಂದು ಕಾಗದ ಬರಿ. ಕೊಡೋಕೆ ಎರಡು ಪ್ರತಿ, ನಿನಗೆ ಒಂದು. ಹೀಗೆ ಸಾಕು: "ದಿನಾಂಕ ಇಂಥದ್ದರಂದು ಸಕಲೇಶಪುರದಲ್ಲಿ ನಡೆದ ತಪಾಸಣಾ ಶಿಬಿರಕ್ಕೆ ಮಳೆಯಿಂದ ರಸ್ತೆ ಸಂಚಾರ ನಿಂತಿದ್ದ ಕಾರಣ ಮಗನನ್ನು ಕರೆತರಲು ಆಗಲಿಲ್ಲ. ಯುಡಿಐಡಿ ನೋಂದಣಿ ಸಂಖ್ಯೆ ಇಷ್ಟು. ಹಿಂದಿನ ಪ್ರಮಾಣಪತ್ರದ ಅವಧಿ ಇಂಥ ದಿನ ಮುಗಿದಿದೆ. ಬೇರೆ ದಿನಾಂಕ ನಿಗದಿ ಮಾಡಿ ಲಿಖಿತವಾಗಿ ತಿಳಿಸಬೇಕೆಂದು ಕೋರಿಕೆ." ಕಷ್ಟಸುಖ ಎಲ್ಲ ಬರೆಯಬೇಡ, ಓದುವವರಿಗೆ ಬೇಕಾದ್ದು ದಿನಾಂಕ ಮತ್ತು ಸಂಖ್ಯೆ. ರಸ್ತೆ ಮುಚ್ಚಿದ ಸುದ್ದಿಯ ಪೇಪರ್ ಕಟಿಂಗ್ ಸಿಕ್ಕರೆ ಜೊತೆಗೆ ಇಡು. ಟಪಾಲು ವಿಭಾಗದಲ್ಲಿ ಕೊಟ್ಟು ನಿನ್ನ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೋ. ಬರೋಕೆ ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನ ಪ್ರತಿಗೇ ಪಿನ್ ಹೊಡೆದಿಡು. ಒಂದು ಆಸ್ಪತ್ರೆಗೆ, ಇನ್ನೊಂದು ಹಾಸನದ ಜಿಲ್ಲಾ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಅಧಿಕಾರಿಗೆ. ತಪ್ಪಿದ್ದು ಮಳೆಯಿಂದ ಅನ್ನೋದು ಇವತ್ತು ಎಲ್ಲರಿಗೂ ಗೊತ್ತು. ಆರು ತಿಂಗಳಾದ ಮೇಲೆ ಕಡತದಲ್ಲಿ ಉಳಿಯೋದು "ಗೈರುಹಾಜರಿ" ಅನ್ನುವ ಒಂದೇ ಪದ.

ನಿಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯೂಗೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ತಾಲೂಕಿನ ಎಂಆರ್‌ಡಬ್ಲ್ಯೂಗೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ವಿಷಯ ತಿಳಿಸು. ಶಿಬಿರದ ದಿನಾಂಕ ಮೊದಲು ಕಿವಿಗೆ ಬೀಳೋದು ಅವರಿಗೇ. ಅವರು ಗೌರವಧನಕ್ಕೆ ದುಡಿಯುವವರು ಕಣೇ, ಆಸ್ಪತ್ರೆಯ ತಡಕ್ಕೆ ಅವರ ಮೇಲೆ ರೇಗಬೇಡ.

ಆದರೆ ನನ್ನನ್ನ ಕೇಳಿದರೆ ಪುಟ್ಟನ ವಿಷಯದಲ್ಲಿ ಇನ್ನೊಂದು ಶಿಬಿರ ಕಾಯೋದೇ ಬೇಡ. ಕಾಲಿನದು, ಕಣ್ಣಿನದು ಆದರೆ ಶಿಬಿರದಲ್ಲಿ ಒಂದೇ ದಿನಕ್ಕೆ ಮುಗಿಯಬಹುದು. ಪುಟ್ಟನದು ಬೌದ್ಧಿಕ ಅಂಗವಿಕಲತೆ, ಅದಕ್ಕೆ ಮಕ್ಕಳ ತಜ್ಞರು, ಮನೋವೈದ್ಯರು ನೋಡಬೇಕು, ಮನಃಶಾಸ್ತ್ರಜ್ಞರು ಕೂತು ಪರೀಕ್ಷೆ ಮಾಡಬೇಕು. ಇವರಲ್ಲಿ ಒಬ್ಬರು ಅವತ್ತು ಇಲ್ಲದಿದ್ದರೂ "ಹಾಸನಕ್ಕೆ ಹೋಗಿ" ಅಂತ ಚೀಟಿ ಕೊಟ್ಟು ಕಳಿಸುತ್ತಾರೆ. ತಡ ಆಗೋದು ಹೆಚ್ಚಾಗಿ ಇಲ್ಲೇ. ಅದಕ್ಕೆ ನೇರ ಇಲ್ಲಿಗೇ, ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ಗೆ ಬಾ. ಪರೀಕ್ಷೆ ವಾರದ ಯಾವ ದಿನ, ಯಾವ ಕೋಣೆ, ಆ ದಿನ ಮನಃಶಾಸ್ತ್ರಜ್ಞರು ಇರುತ್ತಾರಾ, ಈ ಮೂರನ್ನ ಕೇಳಿಕೊಂಡು ಬಸ್ಸು ಹತ್ತು.

ಪರೀಕ್ಷೆಯ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ತಾಯಂದಿರು ಎಡವೋದು ಅಲ್ಲೇ. ವೈನ್‌ಲ್ಯಾಂಡ್ ಅಂತ ಒಂದು ಅಳತೆ ಇದೆ, ನಮ್ಮ ದೇಶದ ಮಕ್ಕಳಿಗೆ ಹೊಂದಿಸಿದ್ದರಲ್ಲಿ 89 ಅಂಶಗಳು. ಊಟ, ಬಟ್ಟೆ, ಮಾತು, ಓಡಾಟ, ಬೇರೆಯವರ ಜೊತೆ ಬೆರೆಯೋದು, ಹೀಗೆ. ಮಗುವನ್ನ ನೋಡುವುದರ ಜೊತೆಗೆ ನಿನ್ನನ್ನೇ ಕೇಳುತ್ತಾರೆ. ಅವರಿಗೆ ಬೇಕಾದ್ದು ದಿನಾ ತಾನಾಗಿ ಏನು ಮಾಡುತ್ತಾನೆ ಅನ್ನೋದು. "ಸ್ನಾನ ಮಾಡ್ತಾನಾ?" ಅಂದರೆ ನಮ್ಮ ಬಾಯಿಗೆ "ಮಾಡ್ತಾನೆ" ಅಂತಲೇ ಬರುತ್ತೆ, ಮಗನ ಮೇಲಿನ ಅಭಿಮಾನ. ನೀನು ನೀರು ಹದ ಮಾಡಿ, ಪಕ್ಕದಲ್ಲಿ ನಿಂತು, ಸೋಪು ಕೈಗೆ ಕೊಟ್ಟರೆ ಮಾಡುತ್ತಾನೆ ಅನ್ನೋದು ನಿಜವಾದ ಉತ್ತರ. ಗುಂಡಿ ಹಾಕಿಕೊಳ್ಳುತ್ತಾನಾ, ಅಂಗಡಿಗೆ ಒಬ್ಬನೇ ಹೋಗಿ ಚಿಲ್ಲರೆ ತರುತ್ತಾನಾ, ರಾತ್ರಿ ಬಟ್ಟೆ ಒದ್ದೆ ಆಗುತ್ತಾ, ಮನೆಯಲ್ಲೇ ಯೋಚಿಸಿ ಒಂದು ಹಾಳೆಯಲ್ಲಿ ಬರೆದುಕೊಂಡು ಬಾ. ಕಡಿಮೆ ಮಾಡಿಯೂ ಹೇಳಬೇಡ. ಶಾಲೆಯ ವರದಿ ಒಂದು, ನಿನ್ನ ಮಾತು ಇನ್ನೊಂದು ಆದರೆ ಮತ್ತೊಮ್ಮೆ ಪರೀಕ್ಷೆಗೆ ಕರೆಯುತ್ತಾರೆ.

ಒಂದು ಅಂಕಕ್ಕೆ ಎಷ್ಟು ಬೆಲೆ ನೋಡು. 2018ರ ಮಾರ್ಗಸೂಚಿಯಲ್ಲಿ (2024ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ) ಆ ಅಳತೆಯ 55ರಿಂದ 69 ಅಂಕಕ್ಕೆ ಶೇ. 50 ಅಂಗವಿಕಲತೆ, 36ರಿಂದ 54ಕ್ಕೆ ಶೇ. 75 ಅಂತ ಇತ್ತು. 70ರಿಂದ 84 ಬಂದರೆ ಶೇ. 25, ಅಂದರೆ ಮಾಸಾಶನಕ್ಕೆ ಬೇಕಾದ ಶೇ. 40 ಕೂಡ ಇಲ್ಲ. ಯುಡಿಐಡಿ ಕಾರ್ಡಿನ ಬಣ್ಣವೂ ಇದರ ಮೇಲೇ: ಶೇ. 40ಕ್ಕಿಂತ ಕೆಳಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಅದರ ಮೇಲೆ ನೀಲಿ.

ಅವನ ಪತ್ರದ ಅವಧಿ ಈಗ ಮುಗಿದದ್ದು ಯಾರದೋ ಕಿರುಕುಳ ಅಲ್ಲ. ಈ ತೊಂದರೆ ಇರುವ ಮಕ್ಕಳಿಗೆ 5, 10 ಮತ್ತು 18ನೇ ವಯಸ್ಸಿಗೆ ನವೀಕರಣ ಇದ್ದೇ ಇದೆ, 18ಕ್ಕೆ ಕೊಟ್ಟದ್ದು ಜೀವನಪೂರ್ತಿ. ಈಗ ಹತ್ತರದು ಮುಗಿಸಿಕೊಂಡರೆ ಎಂಟು ವರ್ಷ ನಿರಾಳ. 18ರ ಸಲ ಹುಟ್ಟುಹಬ್ಬಕ್ಕೆ ಆರು ತಿಂಗಳು ಇರುವಾಗಲೇ ಓಡಾಟ ಶುರು ಮಾಡು.

ಬರುವಾಗ ಹಳೇ ಪ್ರಮಾಣಪತ್ರ, ಕಾರ್ಡು, ಹಿಂದಿನ ಪರೀಕ್ಷೆಯ ವರದಿ, ಇಬ್ಬರ ಆಧಾರ್, ರೇಷನ್ ಕಾರ್ಡ್, ಶಾಲೆಯ ಪತ್ರ, ನಾಲ್ಕು ಫೋಟೋ ತಾ. ಎಲ್ಲದರ ಜೆರಾಕ್ಸ್ ಮೂರು ಸೆಟ್. ಒರಿಜಿನಲ್ ತೋರಿಸು, ಯಾರ ಕೈಗೂ ಬಿಟ್ಟು ಬರಬೇಡ. ಫಿಟ್ಸ್ ಮಾತ್ರೆ ನಡೆಯುತ್ತಿದ್ದರೆ ಅವತ್ತೂ ಕೊಡು, ಚೀಟಿ ತಾ. ಮೊಸರನ್ನ ಕಟ್ಟಿಕೋ, ಹಸಿದ ಮಗು ಪರೀಕ್ಷೆಗೆ ಕೂರುವುದಿಲ್ಲ.

ಮಾಸಾಶನದ ವಿಷಯ. ಅದು ಕಂದಾಯ ಇಲಾಖೆಯದು, ಆಸ್ಪತ್ರೆಗೂ ಅದಕ್ಕೂ ಸಂಬಂಧ ಇಲ್ಲ. ಈಗಲೇ ನಾಡಕಚೇರಿಗೆ ಹೋಗಿ ತಹಶೀಲ್ದಾರರ ಹೆಸರಿಗೆ, "ನವೀಕರಣಕ್ಕೆ ಅರ್ಜಿ ಹಾಕಿದ್ದೇವೆ, ತಪಾಸಣೆ ಬಾಕಿ ಇದೆ" ಅಂತ ಬರೆದು, ಸೀಲು ಬಿದ್ದ ಪ್ರತಿಯನ್ನೂ ಪೋರ್ಟಲ್ ಪ್ರಿಂಟನ್ನೂ ಲಗತ್ತಿಸಿ ಕೊಡು. ಗ್ರಾಮ ಆಡಳಿತ ಅಧಿಕಾರಿ ಪರಿಶೀಲನೆಗೆ ಬಂದಾಗ ಅದರ ನಕಲು ತೋರಿಸು. ದುಡ್ಡು ಆಗಲೇ ನಿಂತಿದ್ದರೆ ಎಲ್ಲಾ ತಪ್ಪನ್ನೂ ಪ್ರಮಾಣಪತ್ರದ ಮೇಲೆ ಹೊರಿಸಬೇಡ. ಸ್ಕಾಲರ್‌ಶಿಪ್‌ಗೆ ಅಂತ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಕೊಟ್ಟಿದ್ದರೆ, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಬೀಳುವ ಆಧಾರ್ ಜೋಡಣೆ) ಆ ಖಾತೆಗೆ ಬದಲಾಗಿ ದುಡ್ಡು ಅಲ್ಲಿ ಸುಮ್ಮನೆ ಕೂತಿರುತ್ತೆ. ಎರಡೂ ಪಾಸ್‌ಬುಕ್ ಎಂಟ್ರಿ ಮಾಡಿಸು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯಸ್ಸು, ಅದನ್ನೂ ನೋಡಿಕೋ. ತಡೆಹಿಡಿದದ್ದು ಮತ್ತೆ ಶುರುವಾಗುವಾಗ, ನಿಂತ ತಿಂಗಳುಗಳ ಬಾಕಿಯನ್ನೂ ಕೊಡಬೇಕು ಅಂತ ಅರ್ಜಿಯಲ್ಲೇ ಕೇಳು. ಕೇಳದೆ ಯಾರೂ ಬರೆಯೋದಿಲ್ಲ. ನಾಡಕಚೇರಿಯಲ್ಲಿ ಸಕಾಲದ (ಗಡುವಿನೊಳಗೆ ಸೇವೆ ಕೊಡಬೇಕು ಅನ್ನುವ ಕಾಯ್ದೆ) ಕೆಳಗೆ ಕೊಟ್ಟ ಅರ್ಜಿಗೆ ಸ್ವೀಕೃತಿ ಚೀಟಿಯಲ್ಲಿ ಜಿಎಸ್‌ಸಿ ಅನ್ನುವ ಅರ್ಜಿ ಸಂಖ್ಯೆ, ಗಡುವಿನ ದಿನಾಂಕ ಇರುತ್ತೆ. ಗಡುವು ದಾಟಿದರೆ ಮೇಲ್ಮನವಿ.

ಆಸ್ಪತ್ರೆಯಿಂದ ಮೂರು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಜಗಳ ಬೇಡ, ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಆದರೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಕೇಳಬೇಕಾದ್ದು ಎರಡೇ: ಇಂಥ ಸಂಖ್ಯೆಯ ಅರ್ಜಿ ಯಾವ ಹಂತದಲ್ಲಿದೆ, ಇಲ್ಲಿಯವರೆಗೆ ದಿನವಹಿ ಏನು ಕ್ರಮ ಆಗಿದೆ. 30 ದಿನಕ್ಕೆ ಉತ್ತರ ಕೊಡಬೇಕು, ಎಷ್ಟೋ ಸಲ ಉತ್ತರಕ್ಕಿಂತ ಮೊದಲು ತಪಾಸಣೆಗೇ ಕರೆ ಬರುತ್ತೆ. ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನ ರಾಜ್ಯ ಆಯುಕ್ತರಿಗೆ ದೂರು. ಅಂಗವಿಕಲರಿಗೆ ಅಂತಲೇ ಕಾಯ್ದೆಯಲ್ಲಿ ಇಟ್ಟಿರುವ ಆಯುಕ್ತರು ಅವರು.

ಅರ್ಜಿ ತಿರಸ್ಕಾರ ಮಾಡಿದರೆ ಬಾಯಿಮಾತಿಗೆ ಒಪ್ಪಬೇಡ. ಕಾರಣ ಬರೆದು ನಮೂನೆ 8ರಲ್ಲಿ ಕೊಡಬೇಕು. ಆ ಹಾಳೆ ಕೈಯಲ್ಲಿದ್ದರೆ ಕಾಯ್ದೆಯ 59ನೇ ಕಲಮಿನ ಕೆಳಗೆ ಮೇಲ್ಮನವಿ ಹಾಕಬಹುದು.

ಸದ್ಯಕ್ಕೆ ಪೋರ್ಟಲ್ ನೋಡೋದು, ಆ ಎರಡು ಕಾಗದ ಕೊಡೋದು. ಪ್ರಿಂಟ್ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡು. ಪರೀಕ್ಷೆ ಬೆಳಿಗ್ಗೆಯೇ ಅಂದರೆ ಹಿಂದಿನ ಸಂಜೆಯೇ ಮನೆಗೆ ಬಂದುಬಿಡಿ.

ಇಂತಿ,
ನಿನ್ನ ದೊಡ್ಡಮ್ಮ