ವಿಷಯ: ತೂತು ಮುಚ್ಚಿದ ಕುಂಡದಲ್ಲಿ ಮಾರಿದ ಬೋನ್ಸಾಯ್ ಗಿಡದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ಜಾಲತಾಣದಿಂದ ತರಿಸಿಕೊಂಡ ಆಲದ ಜಾತಿಯ ಫೈಕಸ್ ಬೋನ್ಸಾಯ್ ಈಗ ಒಂದೂ ಎಲೆಯಿಲ್ಲದೆ ನಿಂತಿದೆ. ಫೋನಿನಲ್ಲಿ ವಿನಯದಿಂದ ಕೇಳುವಷ್ಟು ಕೇಳಿದ್ದಾಯಿತು. ಬದಲಿ ಗಿಡ ಕೊಡುವ ಷರತ್ತನ್ನು ನಾನು ಓದಿ ಹೇಳಬೇಕಾಗಿಲ್ಲ, ಬರೆದವರು ನೀವೇ.

ಗಿಡದ ಜೊತೆ ಬಂದ ಚೀಟಿಯಲ್ಲಿ, ಮಣ್ಣಿನೊಳಗೆ ಒಂದು ಇಂಚು ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ ಎಂದಿದೆ. ಒಳ್ಳೆಯ ಸಲಹೆ. ಆದರೆ ಮಣ್ಣಿನ ಮೇಲೆ ನೀವು ಬಿಳಿ ಕಲ್ಲು ಹರಡಿ, ಅಂಟು ಸುರಿದು, ಗಾರೆ ನೆಲದಂತೆ ಗಟ್ಟಿ ಮಾಡಿದ್ದೀರಿ. ಸಂದಿಗಳಲ್ಲಿ ನೀರು ಹೇಗೋ ಜಿನುಗಿ ಇಳಿಯುತ್ತದೆ, ಬೆರಳು ಇಳಿಯುವುದಿಲ್ಲ.

ಕಳೆದ ಶನಿವಾರ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಆಟೊದಲ್ಲಿ ನಿಮ್ಮ ಮಳಿಗೆಗೆ ಬಂದೆ. ಕೌಂಟರಿನಲ್ಲಿದ್ದವರು ಮೊಬೈಲಿನಿಂದ ತಲೆ ಎತ್ತದೆ, "ನೀರು ಜಾಸ್ತಿಯಾಗಿದೆ ಆಂಟಿ" ಎಂದರು. ಆಮೇಲೆ ಗಿಡವನ್ನು ಒಮ್ಮೆ ನೋಡಿ, "ಕಡಿಮೆಯೂ ಆಗಿರಬಹುದು" ಎಂದರು. ಎರಡರಲ್ಲಿ ಯಾವುದು ಎಂದು ಕೇಳಿದೆ. "ಬೆರಳಿಟ್ಟು ನೋಡಿದ್ದೀರಾ?" ಎಂದು ಬಿಲ್ಲಿಗೆ ನಿಂತವರಿಗೆಲ್ಲ ಕೇಳಿಸುವಂತೆ ಪ್ರಶ್ನಿಸಿದರು. ನೀವೇ ಇಟ್ಟು ತೋರಿಸಿ ಎಂದೆ. ಇಟ್ಟರು. ಉಗುರು ಕಲ್ಲಿಗೆ ಟಕ್ಕೆಂದು ಬಡಿಯಿತು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, "ಬೋನ್ಸಾಯ್ ಎಲ್ಲರ ಕೈಗೂ ಹತ್ತುವುದಿಲ್ಲ ಆಂಟಿ. ಪ್ಲಾಸ್ಟಿಕ್ ಗಿಡ ತೆಗೆದುಕೊಳ್ಳಿ, ರಿಯಾಯಿತಿ ಇದೆ" ಎಂದರು. ಹಿಂದೆ ನಿಂತವರು ನಕ್ಕರು. ನಿಮ್ಮ ಉದಾರ ರಿಯಾಯಿತಿಗೆ ಧನ್ಯವಾದಗಳು.

ಮನೆಗೆ ಬಂದು ಸ್ಕ್ರೂಡ್ರೈವರಿನಿಂದ ಅರ್ಧ ಕಲ್ಲು ಕಿತ್ತೆ. ಕುಂಡಕ್ಕೆ ಅಂಟಿಸಿದ್ದ ತಟ್ಟೆಯನ್ನೂ ಮೀಟಿ ತೆಗೆದೆ. ನೀರು ಬಸಿದು ಹೋಗಬೇಕಾದ ತಳದ ತೂತಿಗೆ ಟೇಪು ಹಾಗೆಯೇ ಮೆತ್ತಿಕೊಂಡಿತ್ತು. ಒಳಗಿನ ಮಣ್ಣು ಕೆಸರಾಗಿ, ಬೇರು ಕಪ್ಪಾಗಿ, ಹಿಚುಕಿದರೆ ಸಿಪ್ಪೆ ಕೈಗೆ ಬರುತ್ತಿತ್ತು. ಚರಂಡಿಯ ವಾಸನೆ ಬೇರೆ. ಜಾಗ ಬದಲಾದರೆ ಫೈಕಸ್ ಎಲೆ ಉದುರಿಸುತ್ತದೆ ಎಂದು ನಿಮ್ಮ ಇಮೇಲ್ ಪಾಠ ಹೇಳಿದೆ. ನಿಜ, ಹಾಗೆ ಉದುರಿಸಿದ ಗಿಡ ಹೊಸ ಬೆಳಕಿಗೆ ಒಗ್ಗಿದ ಮೇಲೆ ಚಿಗುರುತ್ತದೆ. ಬೇರುಗಳೇ ಕೊಳೆತ ಗಿಡ ಎಲ್ಲಿಂದ ಚಿಗುರಬೇಕು?

ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ನಿಮ್ಮ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅಂಥ ಅಧಿಕಾರಿ ನಿಮ್ಮಲ್ಲಿದ್ದರೆ ಈ ಪತ್ರ ಅವರ ಕೈ ಸೇರಲಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ನಾನು ನಿವೃತ್ತಳು, ಬಿಡುವು ಬೇಕಾದಷ್ಟಿದೆ. ಹಣ ಹಿಂದಿರುಗಿಸಿದರೆ ಸುಮ್ಮನಾಗುತ್ತೇನೆ ಎಂದೂ ಮಾತು ಕೊಡುತ್ತಿಲ್ಲ. ಕುಂಡ, ಟೇಪು, ಚೀಟಿ ಎಲ್ಲವನ್ನೂ ಜೋಪಾನವಾಗಿ ಕಟ್ಟಿಟ್ಟಿದ್ದೇನೆ. ಉಳಿದರ್ಧ ಕಲ್ಲನ್ನು ಬೇಕೆಂದೇ ಕೀಳದೆ ಬಿಟ್ಟಿದ್ದೇನೆ. ನಿಮ್ಮ ನೌಕರರು ಆಯೋಗದ ಮುಂದೆಯೂ ಬೆರಳಿಟ್ಟು ತೋರಿಸಲಿ.

ಇತಿ,
ಪೂರ್ತಿ ಹಣ ಕೊಟ್ಟ ಗ್ರಾಹಕಿ