ಕೇಳುವ ಕೆಲಸ ಅಕ್ಕನದು

ಮೊನ್ನೆ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ಟಿಟಿಜಿ ನಾರ್ಮಲ್! (ನನ್ನ ಕಾಯಿಲೆ ಹಿಡಿತದಲ್ಲಿದೆಯಾ ಅಂತ ನೋಡುವ ನಂಬರ್ ಅದು.) ಸೀಲಿಯಾಕ್, ಅಂದರೆ ಗೋಧಿಯಂಥ ಧಾನ್ಯದಲ್ಲಿರುವ ಗ್ಲುಟನ್ ಅನ್ನೋ ಪ್ರೋಟೀನ್ ತಿಂದರೆ ಕರುಳು ಹಾಳಾಗುವ ಕಾಯಿಲೆ, ಅಂತ ಗೊತ್ತಾದಾಗ ಆ ನಂಬರ್ ಎಷ್ಟಿತ್ತು, ನಾನು ಹೇಗಾಗಿದ್ದೆ ಅನ್ನೋದೆಲ್ಲ ಮೊದಲಿಂದ ಓದ್ತಿರೋರಿಗೆ ಗೊತ್ತೇ ಇದೆ. ಅದನ್ನ ಮತ್ತೆ ಕೆದಕೋದಿಲ್ಲ. ಖುಷಿ ಸುದ್ದಿ ಹೇಳಬೇಕು, ಜೊತೆಗೆ ಒಂದಿಷ್ಟು ಜನಕ್ಕೆ ಥ್ಯಾಂಕ್ಸ್ ಹೇಳಬೇಕು ಅನಿಸಿತು.

ದಿನಾ ಫೋನ್ ಮಾಡಿ "ಇವತ್ತು ಏನು ತಿಂದೆ" ಅಂತ ಕೇಳುವ ಅಮ್ಮ, ಗೊಣಗುತ್ತಲೇ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದ ಅಣ್ಣ (ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ಕಾಯಿಲೆ ಇರಬಹುದಂತೆ, ಪುಣ್ಯ, ಅವನಿಗಿಲ್ಲ), ಚಪಾತಿ ಆಸೆಯನ್ನ ಹೊರಗೆಲ್ಲೋ ತೀರಿಸಿಕೊಂಡು ಬರುವ ನನ್ನ ಯಜಮಾನರು, ಆಫೀಸಿನ ಪಾರ್ಟಿಗೆ ಕೇಕ್ ಬದಲು ಮೈಸೂರು ಪಾಕ್ ತರಿಸಿದ ಗೆಳತಿಯರು, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಮಗೆಲ್ಲ ಒಂದೇ ಸಾಲು ಸಿಕ್ಕಿತು ಅಂತ ಬೇಜಾರು ಮಾಡ್ಕೋಬೇಡಿ. ಉಳಿದ ಜಾಗ ನನ್ನ ವಾರಗಿತ್ತಿಗೆ ಬೇಕು. ನಾನು ಅಕ್ಕ ಅನ್ನೋದು ಅವರನ್ನೇ.

ವಾರಗಿತ್ತಿಯರು ಅಂದರೆ ಹಾವು ಮುಂಗುಸಿ ಅಂದ್ಕೊಂಡವರು ನಮ್ಮ ಮನೆಗೆ ಬಂದು ನೋಡಬೇಕು. ಅಕ್ಕ ಮಹಡಿ ಮೇಲೆ, ನಾವು ಕೆಳಗೆ. ಅಕ್ಕ ಏನು ಮಾಡಿದರು ಅಂತ ಹೇಳುವ ಮುಂಚೆ ಈ ಕಾಯಿಲೆಯಲ್ಲಿ ಕಷ್ಟ ಯಾವುದು ಅಂತ ಹೇಳಿಬಿಡ್ತೀನಿ.

ಗೋಧಿ ಬಿಡೋದು ಮೈಸೂರಿನವರಿಗೆ ಅಷ್ಟೇನೂ ಕಷ್ಟ ಅಲ್ಲ. ಮುದ್ದೆ, ಅಕ್ಕಿ ರೊಟ್ಟಿ, ಇಡ್ಲಿ, ಅನ್ನ ಸಾರು, ನಮ್ಮ ಅರ್ಧ ಊಟದಲ್ಲಿ ಗ್ಲುಟನ್ ಮೊದಲಿಂದಲೂ ಇಲ್ಲ. ಕಷ್ಟ ಇರೋದು ಕೇಳೋದರಲ್ಲಿ. ಹೋದ ಕಡೆಯೆಲ್ಲ, ಪ್ರತಿ ತಟ್ಟೆ ಮುಂದೆ, "ಇದಕ್ಕೆ ಏನೇನು ಹಾಕಿದೀರಾ?" ಅಂತ ಕೇಳಬೇಕು. "ಗೋಧಿ ಇಲ್ಲಮ್ಮ, ಬರೀ ರವೆ" ಅಂತಾರೆ. ರವೆಯೂ ಗೋಧಿಯದೇ ಅಂತ ಹೇಳೋಕೆ ಹೋದರೆ ಮುಖ ಸಣ್ಣಗಾಗುತ್ತೆ. ಸತ್ಯನಾರಾಯಣ ಪೂಜೆಯ ಸಜ್ಜಿಗೆಯನ್ನ ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟರೆ "ಪ್ರಸಾದಕ್ಕೆ ಬೇಡ ಅನ್ನಬಾರದು, ಒಂದು ಚೂರು ತಿಂದರೆ ಏನಾಗುತ್ತೆ" ಅಂತ ಹಿರಿಯರು ಬುದ್ಧಿ ಹೇಳ್ತಾರೆ. ಆ ಒಂದು ಚೂರೇ ಜಾಸ್ತಿ. ನಮ್ಮ ದೇಶದ ನಿಯಮದ ಪ್ರಕಾರ "ಗ್ಲುಟನ್ ಫ್ರೀ" ಅಂತ ಪ್ಯಾಕೆಟ್ ಮೇಲೆ ಹಾಕಬೇಕಾದರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು. ಸಜ್ಜಿಗೆಯ ದೊನ್ನೆ ಹಿಡಿದುಕೊಂಡು ಈ ಲೆಕ್ಕವನ್ನ ಯಾರಿಗೆ ಹೇಳೋದು?

ಈಗ ಮೈದುನನ ಮದುವೆಯ ರಾತ್ರಿ.

ವರಪೂಜೆ ದಿನ ರಾತ್ರಿ ಊಟಕ್ಕೆ ಸೆಟ್ ದೋಸೆ, ಸಾಗು. ದೋಸೆ ಅಕ್ಕಿಯದು. ಸಾಗು ಬಗ್ಗೆ ಕೇಳಿದೆ. ಬಡಿಸುವವರು "ಗೋಧಿ ಒಂದು ಕಾಳೂ ಇಲ್ಲ" ಅಂದರು. ತಿಂದೆ. ಛತ್ರದಲ್ಲಿ ದೀಪ ಆರಿಸುವ ಹೊತ್ತಿಗೆ ಶುರುವಾಯ್ತು. ವಾಂತಿ, ಭೇದಿ, ಹೊಟ್ಟೆ ಹಿಂಡೋ ನೋವು. ಯಜಮಾನರು ಗಂಡಿನ ಕಡೆ ಓಡಾಟದಲ್ಲಿ ಬಸ್ಸಿನ ಜನಕ್ಕೆ ಕಾಯ್ತಾ ಇದ್ದರು. ನಾನು ಬಚ್ಚಲ ಹತ್ತಿರ ಗೋಡೆಗೊರಗಿ ಕೂತಿದ್ದೆ. ಅಕ್ಕ ಬಂದವರು ಏನೂ ಕೇಳಲಿಲ್ಲ. ನನ್ನ ಜಡೆ ಎತ್ತಿ ತಮ್ಮ ತಲೆಯ ಕ್ಲಿಪ್ಪು ತೆಗೆದು ಹಾಕಿದರು. ನನ್ನ ಸೀರೆ ಬಿಚ್ಚಿಸಿ ನೈಟಿ ಹಾಕಿಸಿದರು. ಆಮೇಲೆ ಅಲ್ಲೇ ನೆಲದ ಮೇಲೆ, ವರಪೂಜೆಗೆ ಉಟ್ಟ ರೇಷ್ಮೆ ಸೀರೆಯಲ್ಲೇ ಕೂತುಬಿಟ್ಟರು.

ಅವರು ಆ ಮನೆಯ ಹಿರಿ ಸೊಸೆ. ಬೆಳಗಿನ ಜಾವಕ್ಕೆ ಜೋಡಿಸಬೇಕಾದ್ದು ಬೆಟ್ಟದಷ್ಟಿತ್ತು. ಬೀಗದ ಕೈ ಗೊಂಚಲನ್ನ ಯಾರದೋ ಕೈಗೆ ಕೊಟ್ಟು "ನೀವೇ ನೋಡ್ಕೊಳ್ಳಿ" ಅಂದರು. ಒಬ್ಬರು ದೊಡ್ಡಮ್ಮ ಬಾಗಿಲಲ್ಲಿ ಇಣುಕಿ, ಕಣ್ಣರಳಿಸಿ "ಏನಮ್ಮಾ, ವಿಶೇಷನಾ?" ಅಂದರು. ಮದುವೆ ಮನೆಯಲ್ಲಿ ಹೆಂಗಸು ವಾಂತಿ ಮಾಡಿದರೆ ಇನ್ನೇನು ಕೇಳ್ತಾರೆ ಹೇಳಿ! "ವಿಶೇಷ ಏನಿಲ್ಲ ದೊಡ್ಡಮ್ಮ, ನೀವು ಹೋಗಿ ಮಲ್ಕೊಳ್ಳಿ" ಅಂತ ಅಕ್ಕ ಚಿಲಕ ಹಾಕಿಕೊಂಡರು. ಓಆರ್‌ಎಸ್ ಕಲಸಿ ಚಮಚ ಚಮಚವಾಗಿ ಕುಡಿಸಿದರು. ಕುಡಿದಿದ್ದು ವಾಪಸ್ ಬಂದರೆ ಬಕೆಟ್ ತೊಳೆದು ತಂದು ಮತ್ತೆ ಚಮಚ ಹಿಡಿದರು.

ಯಾವುದೋ ಹೊತ್ತಿನಲ್ಲಿ ನಾನು ಅತ್ತುಬಿಟ್ಟೆ. "ನನ್ನಿಂದ ಎಲ್ಲರಿಗೂ ತೊಂದರೆ, ಇನ್ಮೇಲೆ ಎಲ್ಲಿಗೂ ಬರಲ್ಲ, ಮನೇಲೇ ಇರ್ತೀನಿ" ಅಂದೆ. ಆ ಮಾತು ನಿಜವಾಗಿಯೂ ನನ್ನೊಳಗಿತ್ತು. ತಿಂಗಳುಗಟ್ಟಲೆ ಇತ್ತು. ಊಟದ ಸಾಲಿನಲ್ಲಿ ಕೂತರೆ ಎಲ್ಲರ ಕಣ್ಣು ನನ್ನ ಎಲೆ ಮೇಲೆ ಇರುತ್ತೆ ಅನ್ನಿಸಿ, ಊಟಕ್ಕೆ ಕರೆದರೆ ಎದೆ ಹೊಡ್ಕೊಳ್ತಿತ್ತು. ಅಕ್ಕ ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಕೇಳೋದು ನಿನಗೆ ಬರಲ್ಲ ಕಣೆ. ತುಂಬಾ ಮೆತ್ತಗೆ ಕೇಳ್ತೀಯ. ಇನ್ಮೇಲೆ ನಾನು ಕೇಳ್ತೀನಿ" ಅಂದರು.

ಬೆಳಕು ಹರಿಯೋ ಮುಂಚೆಯೇ ಅಡುಗೆ ಮನೆಗೆ ಹೋದರು. ಜಗಳ ಆಡಲಿಲ್ಲ, ಒಲೆ ಪಕ್ಕ ಕೂತು ಕಾಫಿ ಇಸ್ಕೊಂಡು, ರಾತ್ರಿ ಸಾಗು ಹೇಗೆ ಮಾಡಿದ್ದು ಅಂತ ಮೊದಲಿಂದ ಕೇಳಿದರು. "ನೀರಾಗಿತ್ತು ಅಕ್ಕಾ, ಗಟ್ಟಿಯಾಗಲಿ ಅಂತ ಎರಡು ಹಿಡಿ ಮೈದಾ ಕದಡಿ ಬಿಟ್ಟೆ" ಅಂದರಂತೆ ಅಡುಗೆಯವರು. ಮೈದಾ ಗೋಧಿಯದೇ ಅಂತ ಅವರಿಗೆ ಹೊಳೆದೇ ಇರಲಿಲ್ಲ. ಅಕ್ಕ ಅಲ್ಲಿದ್ದ ಡಬ್ಬಿಗಳನ್ನೆಲ್ಲ ಎತ್ತಿ ಓದಿದರು. ಇಂಗಿನ ಡಬ್ಬಿಯ ಮೇಲೂ ಗೋಧಿ ಹಿಟ್ಟು ಅಂತ ಇತ್ತು. ಅಂಗಡಿಯ ಇಂಗು ಬರೀ ಇಂಗಲ್ಲ, ಗೋಂದು, ಹಿಟ್ಟು ಸೇರಿಸಿ ಮಾಡಿರ್ತಾರೆ, ಎಷ್ಟೋ ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿಯದು. ನಾವು ಅಷ್ಟು ದಿನ ಚಪಾತಿ ಬಿಟ್ಟು ಸಾರಿನಲ್ಲಿ ಅದನ್ನೇ ತಿಂತಾ ಇದ್ದೆವು! ಅವತ್ತು ನನಗೆ ಬೇರೆ ಪಾತ್ರೆಯಲ್ಲಿ ಅನ್ನ, ಇಂಗಿಲ್ಲದ ತೊವ್ವೆ ಆಯ್ತು. ಆಗೋವರೆಗೂ ಅಕ್ಕ ಅಲ್ಲಿಂದ ಕದಲಲಿಲ್ಲ. ಆಲ್ಬಮ್ ತೆಗೆದು ನೋಡಿ, ಧಾರೆಯ ಫೋಟೋದಲ್ಲಿ ಹಿರಿ ಸೊಸೆ ಹಿಂದಿನ ದಿನದ ಸೀರೆಯಲ್ಲೇ ನಿಂತಿದ್ದಾರೆ.

ಅವತ್ತಿಂದ ಕೇಳುವ ಕೆಲಸ ಅಕ್ಕನದೇ. ಹಿಟ್ಟಿನ ಗಿರಣಿಯವರನ್ನೂ ಬಿಡಲಿಲ್ಲ. ಗೋಧಿ ಬೀಸಿದ ಕಲ್ಲಿನಲ್ಲೇ ನನ್ನ ರಾಗಿ ಬೀಸಿದರೆ ಏನು ಬಂತು ಅಲ್ವಾ? ಬೆಳಿಗ್ಗೆ ಗಿರಣಿ ತೆಗೆಯುವ ಹೊತ್ತಿಗೆ ಹೋಗಿ, ಗುಡಿಸಿ, ಮೊದಲು ತಮ್ಮ ಅಕ್ಕಿ ಬೀಸಿಸಿ ಆ ಹಿಟ್ಟನ್ನ ಮೇಲಿನ ಮನೆಗೆ ಇಟ್ಕೊಂಡು, ಆಮೇಲೆ ನನ್ನ ರಾಗಿ ಹಾಕಿಸ್ತಿದ್ದರು. ಅದೂ ಸಮಾಧಾನ ಆಗದೆ ಮಾವನವರ ಹತ್ತಿರ ಮಾತಾಡಿ ಮನೆಗೇ ಒಂದು ಪುಟ್ಟ ಹಿಟ್ಟಿನ ಮಿಷನ್ ತರಿಸಿದರು. (ಮಾವನವರಿಗೂ ಥ್ಯಾಂಕ್ಸ್. ಅದರ ಸದ್ದಿಗೆ ಅವರ ಮಧ್ಯಾಹ್ನದ ನಿದ್ದೆ ಹೋಗಿದೆ.) ಯುಗಾದಿಗೆ ಅಕ್ಕಿ ಹಿಟ್ಟಿನ ಕಣಕದಲ್ಲಿ ಹೋಳಿಗೆ ಮಾಡೋಕೆ ಹೋದರು. ತಟ್ಟುವಾಗಲೇ ಬಿರುಕು, ಕಾವಲಿ ಮೇಲೆ ಹೂರಣ ಒಂದು ಕಡೆ, ಕಣಕ ಒಂದು ಕಡೆ. ಬಾಳೆಲೆ ಮೇಲೆ ಚೂರುಗಳನ್ನ ಗುಡ್ಡೆ ಹಾಕಿ ಮೇಲೆ ತುಪ್ಪ ಸುರಿದು ಕೊಟ್ಟರು. ನಾನು ಎರಡು ಸಲ ಹಾಕಿಸ್ಕೊಂಡೆ.

ನಮ್ಮ ಡಾಕ್ಟರು ಒಮ್ಮೆ ವಿಲ್ಲೆಮ್ ಡಿಕ್ಕೆ ಅನ್ನೋ ಡಚ್ ಮಕ್ಕಳ ವೈದ್ಯರ ಕಥೆ ಹೇಳಿದ್ದರು. 1944-45ರ ಚಳಿಗಾಲ, ಯುದ್ಧ, ನೆದರ್ಲೆಂಡ್ಸ್‌ನಲ್ಲಿ ಬ್ರೆಡ್ ಸಿಗದೆ ಜನ ಹಸಿವಿನಿಂದ ಸಾಯ್ತಾ ಇದ್ದರು. ಆದರೆ ಈ ಕಾಯಿಲೆಯ ಮಕ್ಕಳು ಆಗ ಚೇತರಿಸಿಕೊಂಡರಂತೆ. ಬ್ರೆಡ್ ಮತ್ತೆ ಬಂದಾಗ ಅವರ ಆರೋಗ್ಯ ಮತ್ತೆ ಕೆಟ್ಟಿತಂತೆ. ಗೋಧಿಯೇ ಕಾರಣ ಅಂತ ಡಿಕ್ಕೆಯವರಿಗೆ ಮೊದಲೇ ಇದ್ದ ಅನುಮಾನ ಹಾಗೆ ಗಟ್ಟಿಯಾಯ್ತು. ಅದನ್ನ ಕೇಳಿ ಆ ಮಕ್ಕಳ ತಾಯಂದಿರು ನೆನಪಾಗ್ತಾರೆ. ಬ್ರೆಡ್ ಬಂತು ಅಂತ ಮಗುವಿನ ಬಾಯಿಗೆ ಮೊದಲ ತುತ್ತು ಇಟ್ಟಿರ್ತಾರೆ ಪಾಪ.

ಇನ್ನು, ಇನ್‌ಬಾಕ್ಸಿನಲ್ಲಿ ತುಂಬಾ ಜನ "ನಂಗೂ ಹಾಗೇ ಆಗುತ್ತೆ, ಗೋಧಿ ಬಿಟ್ಟುಬಿಡ್ಲಾ?" ಅಂತ ಕೇಳಿದೀರಿ. ಪರೀಕ್ಷೆಗೆ ಮುಂಚೆ ಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ರಕ್ತದಲ್ಲಿ ಸಿಗದೇ ಹೋಗಬಹುದು. ಮೊದಲು ಡಾಕ್ಟರ ಹತ್ತಿರ ಹೋಗಿ.

ಮುಂದಿನ ತಿಂಗಳು ನಾದಿನಿ ಮನೆಯ ಗೃಹಪ್ರವೇಶ. ಅಡುಗೆಯವರ ಹತ್ತಿರ ಅಕ್ಕ ಆಗಲೇ ಮಾತಾಡಿದ್ದಾರೆ, ಇಂಗಿನ ಡಬ್ಬಿಯೂ ನಮ್ಮ ಮನೆಯಿಂದಲೇ ಹೋಗುತ್ತೆ. ಈ ಸಲ ಬೀಗದ ಕೈ ನನ್ನ ಹತ್ತಿರ ಇರುತ್ತೆ. ಅಕ್ಕ ಹೊಸ ಸೀರೆ ಉಟ್ಟು ಮೊದಲ ಪಂಕ್ತಿಯಲ್ಲೇ ಕೂತು ಊಟ ಮಾಡಬೇಕು. ಒಪ್ಪಿದ್ದಾರೆ, ಆದರೆ ಸಾಗುವನ್ನ ತಾವೇ ಮೊದಲು ನೋಡ್ತಾರಂತೆ.