ಸಿಜಿಎ ಕಲರ್ ಮಾನಿಟರ್ ಎಂದು ಹೇಳಿ ಹಸಿರು ಮಾನಿಟರ್ ಕಳಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ತಪ್ಪು ಮಾನಿಟರ್ ವಾಪಸ್ ಪಡೆದು ಪೂರ್ತಿ ಹಣ ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

ನನ್ನ ಹತ್ತಿರ ಐಬಿಎಂ ಪಿಸಿ ಎಕ್ಸ್‌ಟಿ ಎಂಬ ಒಂದು ಹಳೇ ಕಂಪ್ಯೂಟರ್ ಇದೆ. 1983ರಲ್ಲಿ ಬಂದ ಮಾಡೆಲ್. ಒಳಗೆ ಸಿಜಿಎ ಕಾರ್ಡ್, ಅಂದರೆ ಮಾನಿಟರಿಗೆ ಬಣ್ಣದ ಚಿತ್ರ ಕಳಿಸುವ ಕಾರ್ಡ್ ಇದೆ. ಅದಕ್ಕೆ ಆ ಕಾಲದ್ದೇ ಕಲರ್ ಮಾನಿಟರ್ ಹುಡುಕುತ್ತಿದ್ದಾಗ ನಿಮ್ಮ ಸೈಟಿನಲ್ಲಿ ‘ಸಿಜಿಎ ಕಲರ್ ಮಾನಿಟರ್, 9 ಪಿನ್, ವರ್ಕಿಂಗ್’ ಎಂದು ಕಂಡಿತು. ಫೋಟೋದಲ್ಲಿ ಸ್ಕ್ರೀನ್ ಆಫ್ ಇತ್ತು. ಅದಕ್ಕೇ ದುಡ್ಡು ಕಟ್ಟುವ ಮೊದಲೇ ಚಾಟ್‌ನಲ್ಲಿ ಬಿಡಿಸಿ ಕೇಳಿದೆ: ಇದು 15.75 ಕಿಲೋಹರ್ಟ್ಸ್‌ನದ್ದಾ (ಸಿಜಿಎ ಪರದೆಯ ಮೇಲೆ ಗೆರೆ ಎಳೆಯುವ ವೇಗ ಅದು), ಬಣ್ಣ ಬರುತ್ತಾ? ‘ಹೌದು ಸರ್, ಪಕ್ಕಾ’ ಎಂದು ನಿಮ್ಮವರು ಉತ್ತರಿಸಿದ್ದಾರೆ.

ಬಂದಿದ್ದು ಹಸಿರು ಅಕ್ಷರದ ಮಾನೋಕ್ರೋಮ್, ಅಂದರೆ ಒಂದೇ ಬಣ್ಣದ ಮಾನಿಟರ್. ಬೆನ್ನಿಗೆ ಅಂಟಿಸಿದ ಲೇಬಲ್‌ನಲ್ಲೇ 18.432 ಕಿಲೋಹರ್ಟ್ಸ್ ಎಂದಿದೆ. ಅಂದರೆ ಬಣ್ಣವಿಲ್ಲದೆ ಅಕ್ಷರ ಮಾತ್ರ ತೋರಿಸುವ ಎಂಡಿಎ ಕಾರ್ಡಿಗೆ ಮಾಡಿದ್ದು. ಪ್ಲಗ್ ಬಿಚ್ಚಿ ನೋಡಿದರೆ ಕೆಂಪು, ಹಸಿರು, ನೀಲಿ ಬರಬೇಕಾದ 3, 4, 5ನೇ ಪಿನ್‌ಗಳಿಗೆ ತಂತಿಯೇ ಇಲ್ಲ. ಬಣ್ಣ ಎಲ್ಲಿಂದ ಬರಬೇಕು?

ಫೋನ್ ಮಾಡಿದರೆ, ‘9 ಪಿನ್ ಕೇಳಿದ್ರಿ, 9 ಪಿನ್ ಕೊಟ್ಟಿದ್ದೀವಿ, ಆನ್ ಆಗುತ್ತೆ, ಡಿಫೆಕ್ಟ್ ಏನೂ ಇಲ್ಲ’ ಅಂತಾರೆ. ಸ್ವಾಮಿ, ಎಂಡಿಎ, ಸಿಜಿಎ, ಆಮೇಲೆ ಬಂದ ಇಜಿಎ, ಈ ಮೂರು ಕಾರ್ಡಿಗೂ ಇರುವುದು ಅದೇ 9 ಪಿನ್ ಸಾಕೆಟ್. ಪ್ಲಗ್ ಕೂತ ಮಾತ್ರಕ್ಕೆ ಕೆಲಸ ಆಗಲ್ಲ. ಇಂಥ ಹಳೇ ಮಾನೋಕ್ರೋಮ್ ಮಾನಿಟರಿಗೆ ಸಿಜಿಎ ಸಿಗ್ನಲ್ ಕೊಟ್ಟರೆ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು. ಗೊತ್ತಿಲ್ಲದವರು ಯಾರಾದರೂ ನಿಮ್ಮ ಮಾತು ನಂಬಿ ಸಿಕ್ಕಿಸಿದ್ದರೆ? ಆಗ ಅವರೇ ಕೆಡಿಸಿದರು ಅಂತಿದ್ರಿ, ಅಲ್ವಾ?

ಜಾಸ್ತಿ ದುಡ್ಡು ಕೊಟ್ಟರೆ ಎಲ್‌ಸಿಡಿ ಮತ್ತು ಕನ್ವರ್ಟರ್ ಕೊಡುತ್ತೇವೆ ಎಂದೂ ಹೇಳಿದ್ದೀರಿ. ಬೇಡ. ಸಿಜಿಎಯ 16 ಬಣ್ಣಗಳಲ್ಲಿ ಕಂದು ಬಣ್ಣ ಕಾರ್ಡಿನಿಂದ ಬರುವುದೇ ಇಲ್ಲ. ಕಾರ್ಡ್ ಕಳಿಸುವುದು ಮಂಕು ಹಳದಿ. ಸಿಜಿಎಗಾಗಿ ಐಬಿಎಂ ಮಾಡಿದ 5153 ಕಲರ್ ಮಾನಿಟರಿನಲ್ಲಿ ಅದಕ್ಕೆಂದೇ ಒಂದು ಸರ್ಕ್ಯೂಟ್ ಇದೆ, ಅದು ಹಸಿರನ್ನು ತಗ್ಗಿಸಿ ಕಂದು ಮಾಡುತ್ತದೆ. ನನಗೆ ಬೇಕಾಗಿರುವುದು ಆ ಕಂದು ಬಣ್ಣ. ಸುಮ್ನೆ ಏನೋ ಒಂದು ಚಿತ್ರ ಮೂಡಿದರೆ ಸಾಕು ಎನ್ನುವುದಾದರೆ ಇಷ್ಟು ಹುಡುಕುತ್ತಲೇ ಇರಲಿಲ್ಲ.

ಹಾಗೆ ನೋಡಿದರೆ ನೀವು ಕಳಿಸಿದ ಮಾನಿಟರ್ ಕೆಟ್ಟದ್ದೇನಲ್ಲ. ಎಂಡಿಎ ಕಾರ್ಡ್ ಇರುವವರು ಖುಷಿಯಿಂದ ತಗೊಳ್ತಾರೆ. ಸೈಟಿನಲ್ಲಿ ವಿವರ ಸರಿಪಡಿಸಿ ಅಂಥವರಿಗೇ ಮಾರಿ.

ನನಗೆ ಪೂರ್ತಿ ಹಣ ವಾಪಸ್ ಬೇಕು. ಕೂಪನ್ ಬೇಡ. ಸಾಗಣೆ ಖರ್ಚು ನನ್ನ ತಲೆಗೆ ಕಟ್ಟಬೇಡಿ. ಜಾಹೀರಾತಿನಲ್ಲಿ ಹೇಳಿದಂತಿಲ್ಲದ ವಸ್ತುವನ್ನು ವಾಪಸ್ ತಗೊಳ್ಳಲ್ಲ ಎನ್ನುವ ಹಾಗಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. 15 ದಿನದಲ್ಲಿ ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ.

ಚಾಟ್‌ನ ಪ್ರತಿ, ಲೇಬಲ್ ಮತ್ತು ಪಿನ್‌ಗಳ ಫೋಟೋ, ಬಿಲ್ ಲಗತ್ತಿಸಿದ್ದೇನೆ. ಒಯ್ಯಲು ಬರುವವರ ಕೈಲಿ ಗಟ್ಟಿ ಡಬ್ಬ, ದಪ್ಪ ಫೋಮ್ ಕಳಿಸಿಕೊಡಿ. ಒಳಗಿರುವುದು ಗಾಜಿನ ಟ್ಯೂಬ್. ನೀವು ಕಳಿಸಿದಂತೆ ಬರೀ ಪೇಪರ್ ಸುತ್ತಿ ನಾನು ಕೊಡುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ